ಜೀನ್‌ಗೆ ಸಾವು, ಮ್ಯಾಗ್ನೆಟೊಗೆ ಶಾಲೆ: ಎಕ್ಸ್-ಮೆನ್ ಮರುಓದಿನ ಮುಗಿಯದ ವಾದಗಳು

1980ರ ಡಿಸೆಂಬರ್ ತಾರೀಖು ಹೊತ್ತು ಬಂದ ಎಕ್ಸ್-ಮೆನ್ 140ನೇ ಸಂಚಿಕೆಯಲ್ಲಿ ಒಂದು ಸಣ್ಣ ದೃಶ್ಯವಿದೆ. ಮೈಯನ್ನು ಉಕ್ಕಾಗಿಸಿಕೊಳ್ಳಬಲ್ಲ ರಷ್ಯದ ಹುಡುಗ ಕೊಲಾಸಸ್ ನೆಲದಿಂದ ಮರದ ಬೊಡ್ಡೆಯೊಂದನ್ನು ಕಿತ್ತು ತೆಗೆಯುತ್ತಾನೆ. ಕಥೆಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ. ಚಿತ್ರ ಬರೆದ ಜಾನ್ ಬರ್ನ್ ಅವರ ಲೆಕ್ಕದಲ್ಲಿ ಕೊಲಾಸಸ್‌ಗೆ ಅದು ಗದ್ದೆಯ ಕಳೆ ಕಿತ್ತಷ್ಟೇ ಸಲೀಸು. ಮಾತು ಬರೆದ ಕ್ರಿಸ್ ಕ್ಲೇರ್‌ಮಾಂಟ್ ಅದೇ ಚಿತ್ರದ ಮೇಲೆ, ಹುಡುಗ ಹಲ್ಲುಕಚ್ಚಿ ಹೆಣಗುತ್ತಿದ್ದಾನೆ ಅನ್ನಿಸುವಂಥ ಮಾತು ಕೂರಿಸಿದರು. ಅಚ್ಚಾದ ಪುಟ ನೋಡಿ ಬರ್ನ್‌ಗೆ ಇನ್ನು ಸಾಕು ಅನ್ನಿಸಿತು. 143ನೇ ಸಂಚಿಕೆ ಮುಗಿಸಿ ಅವರು ಹೊರಟರು. ಕೊನೆಗೂ ತನ್ನನ್ನು ಹೊರಡಿಸಿದ್ದು ಆ ಬೊಡ್ಡೆಯೇ ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಎಕ್ಸ್-ಮೆನ್ ಅಭಿಮಾನಿಗಳು ನಲವತ್ತು ವರ್ಷಗಳಿಂದ ಆ ಪುಟಕ್ಕೆ ಮರಳುತ್ತಲೇ ಇದ್ದಾರೆ. ಮೊದಲ ಸಲ ಓದುವವನ ಕಣ್ಣಿಗೆ ಅಲ್ಲಿ ಏನೂ ಬೀಳುವುದಿಲ್ಲ. ಎರಡನೇ ಸಲ, ಬರ್ನ್ ಹೊರಟ ಕಾರಣ ಗೊತ್ತಾದ ಮೇಲೆ ಓದಿದರೆ, ಒಂದೇ ಚೌಕಟ್ಟಿನಲ್ಲಿ ಕೈ ಒಂದು ಹೇಳುತ್ತಿದೆ, ಬಾಯಿ ಇನ್ನೊಂದು ಹೇಳುತ್ತಿದೆ ಎಂಬುದು ಕಾಣುತ್ತದೆ. ಆಮೇಲೆ ಇಡೀ ಸರಣಿಯಲ್ಲಿ ಅಂಥ ಹೊಲಿಗೆಗಳನ್ನು ಹುಡುಕುವುದೇ ಓದಾಗುತ್ತದೆ. ಎಕ್ಸ್-ಮೆನ್ ಕುರಿತ ದೊಡ್ಡ ವಾದಗಳು ಹುಟ್ಟಿದ್ದು ಈ ಹೊಲಿಗೆಗಳಲ್ಲೇ. ಎಲ್ಲ ವಾದಗಳ ಅಡಿಯಲ್ಲಿ ಒಂದೇ ಪ್ರಶ್ನೆ ಹರಿಯುತ್ತಿದೆ ಎಂಬುದು ಹಲವು ಬಾರಿ ಓದಿದ ಮೇಲೆ ನನಗೆ ಗಟ್ಟಿಯಾದ ಮಾತು: ದೊಡ್ಡ ತಪ್ಪು ಮಾಡಿದವರನ್ನು ಮನೆಯೊಳಗೆ ಸೇರಿಸಿಕೊಳ್ಳಬಹುದೇ, ಸೇರಿಸಿಕೊಂಡರೆ ಯಾರ ಅಪ್ಪಣೆಯಿಂದ?

ಸರಣಿಯ ಪರಿಚಯವಿಲ್ಲದವರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸ್ಟ್ಯಾನ್ ಲೀ ಮತ್ತು ಜಾಕ್ ಕರ್ಬಿ 1963ರಲ್ಲಿ ಎಕ್ಸ್-ಮೆನ್ ಶುರುಮಾಡಿದರು. ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಪಡೆದ 'ಮ್ಯೂಟೆಂಟ್' ಹುಡುಗರಿಗೆ ಪ್ರೊಫೆಸರ್ ಚಾರ್ಲ್ಸ್ ಕ್ಸೇವಿಯರ್ ನಡೆಸುವ ಶಾಲೆ, ಅವರನ್ನು ಕಂಡರೆ ಹೆದರುವ, ದ್ವೇಷಿಸುವ ಸಮಾಜ. ಮೂಲ ಐವರೂ ಅಮೆರಿಕದ ಬಿಳಿಯ ಹದಿಹರೆಯದವರು. ಪತ್ರಿಕೆ ಸರಿಯಾಗಿ ನಡೆಯದೆ 1970ರಲ್ಲಿ 66ನೇ ಸಂಚಿಕೆಗೆ ಹೊಸ ಕಥೆಗಳು ನಿಂತವು. ಮುಂದಿನ ವರ್ಷಗಳಲ್ಲಿ 93ನೇ ಸಂಚಿಕೆಯವರೆಗೆ ಹಳೆಯ ಕಥೆಗಳನ್ನೇ ಮರುಮುದ್ರಿಸುತ್ತಿದ್ದರು. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ 'ಜಯಂಟ್-ಸೈಜ್ ಎಕ್ಸ್-ಮೆನ್' ಎಂಬ ಒಂದೇ ಸಂಚಿಕೆಯಲ್ಲಿ ತಂಡವನ್ನೇ ಬದಲಿಸಿದರು. ಕೀನ್ಯಾದಿಂದ ಸ್ಟಾರ್ಮ್, ಜರ್ಮನಿಯಿಂದ ನೈಟ್‌ಕ್ರಾಲರ್, ರಷ್ಯದಿಂದ ಕೊಲಾಸಸ್, ಕೆನಡಾದಿಂದ ವುಲ್ವರಿನ್, ಅಪಾಚೆ ಬುಡಕಟ್ಟಿನ ಥಂಡರ್‌ಬರ್ಡ್, ಜೊತೆಗೆ ಹಿಂದೆಯೇ ಬಂದುಹೋಗಿದ್ದ ಐರ್ಲೆಂಡಿನ ಬ್ಯಾನ್‌ಶೀ, ಜಪಾನಿನ ಸನ್‌ಫೈರ್. ಬೆನ್ನಲ್ಲೇ 94ನೇ ಸಂಚಿಕೆಯಿಂದ ಬರವಣಿಗೆ ಕ್ಲೇರ್‌ಮಾಂಟ್ ಕೈಗೆ ಬಂತು. ಲಂಡನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ, ಆಗಿನ್ನೂ ಇಪ್ಪತ್ತೈದು ತುಂಬದ ಈತ 1991ರವರೆಗೆ, ಸುಮಾರು ಹದಿನಾರು ವರ್ಷ, ಅದನ್ನು ಬಿಡಲಿಲ್ಲ. ಅಭಿಮಾನಿಗಳು ಓದುವುದು, ಓದಿ ವಾದಕ್ಕೆ ನಿಲ್ಲುವುದು ಮುಖ್ಯವಾಗಿ ಈ ಹದಿನಾರು ವರ್ಷಗಳ ಬಗ್ಗೆ.

ಮೊದಲ ವಾದ ಬೊಡ್ಡೆಯದೇ: ಈ ಕೃತಿ ಯಾರದು? ಮಾರ್ವೆಲ್‌ನಲ್ಲಿ ಆಗ ನಡೆಯುತ್ತಿದ್ದ ಪದ್ಧತಿಯಲ್ಲಿ ಬರಹಗಾರ ಮೊದಲು ಕಥೆಯ ಸಾರಾಂಶ ಕೊಡುತ್ತಿದ್ದ. ಅದನ್ನಿಟ್ಟುಕೊಂಡು ಚಿತ್ರಕಾರ ಪುಟಗಳನ್ನು ಹೆಣೆಯುತ್ತಿದ್ದ. ಯಾವ ಘಟನೆಗೆ ಎಷ್ಟು ಜಾಗ, ಯಾರ ಮುಖ ಎಲ್ಲಿಂದ ಕಾಣಬೇಕು ಎಂಬುದೆಲ್ಲ ಅವನ ತೀರ್ಮಾನ. ಪುಟ ತಯಾರಾದ ಮೇಲೆ ಬರಹಗಾರ ಮಾತು ತುಂಬುತ್ತಿದ್ದ. ಅಂದರೆ ಕಥೆಯ ಮೇಲೆ ಕೊನೆಯ ಅಧಿಕಾರ ಮಾತಿನದು, ಆದರೆ ಕಥೆ ನಡೆಯುವ ರೀತಿಯನ್ನು ಆಗಲೇ ಚಿತ್ರ ನಿರ್ಧರಿಸಿಬಿಟ್ಟಿರುತ್ತಿತ್ತು. 108ರಿಂದ 143ರವರೆಗಿನ ಬರ್ನ್ ಕಾಲದಲ್ಲಿ ಅವರು ಕಥೆ ಹೆಣೆಯುವುದರಲ್ಲೂ ಪಾಲುದಾರ. ವುಲ್ವರಿನ್‌ನನ್ನೇ ತೆಗೆದುಕೊಳ್ಳಿ. ಶುರುವಿನಲ್ಲಿ ಅವನನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಕಾಕ್ರಮ್‌ಗೆ ನೈಟ್‌ಕ್ರಾಲರ್ ಮೇಲೆ ಮಮತೆ. ಕೆನಡಾದಲ್ಲಿ ಬೆಳೆದ ಬರ್ನ್ ತಮ್ಮ ದೇಶದ ಪಾತ್ರವನ್ನು ಮೂಲೆಗುಂಪಾಗಲು ಬಿಡಲಿಲ್ಲ. 132ನೇ ಸಂಚಿಕೆಯ ಕೊನೆಯ ಚಿತ್ರ ನೋಡಿ. ತಂಡದ ಉಳಿದವರೆಲ್ಲ ಸೆರೆಸಿಕ್ಕಿದ್ದಾರೆ. ನೆಲಮಾಳಿಗೆಯ ಕೆಳಗಿನ ಚರಂಡಿಯಲ್ಲಿ, ಕೊಳೆನೀರಿನಿಂದ ಅರ್ಧ ಮೇಲೆದ್ದು ಒಬ್ಬನೇ ಒಬ್ಬ, ಇನ್ನು ನನ್ನ ಸರದಿ ಎಂಬ ಮುಖ ಮಾಡಿಕೊಂಡು ನಿಂತಿದ್ದಾನೆ. ಆ ಮುಖದ ಮೇಲಿನ ನೆರಳು ಟೆರಿ ಆಸ್ಟಿನ್ ಅವರ ಶಾಯಿಯದು. ವುಲ್ವರಿನ್ ಜನಪ್ರಿಯನಾದದ್ದು ಆ ಒಂದು ಪುಟದಿಂದ ಎಂದು ಹೇಳುವವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಅಲ್ಲಿ ಮಾತು ಕಡಿಮೆ, ಎಲ್ಲವೂ ಚಿತ್ರದ ಕೆಲಸ.

ಬರ್ನ್ ಪಕ್ಷದವರು ಇದನ್ನು ಹಿಡಿದು, ಅವರು ಹೋದ ಮೇಲೆ ಸರಣಿ ಸತ್ವ ಕಳೆದುಕೊಂಡಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪಾಲ್ ಸ್ಮಿತ್ ಚಿತ್ರ ಬರೆದ 1983ರ ಒಂದೇ ಒಂದು ವರ್ಷ, ಜಾನ್ ರೊಮಿಟಾ ಜೂನಿಯರ್ ಅವರ ಬಿರುಸಾದ ಗೆರೆಗಳು, 1984ರಲ್ಲಿ ಶಕ್ತಿ ಕಳೆದುಕೊಂಡ ಸ್ಟಾರ್ಮ್‌ಳ ದುಃಖವನ್ನೇ ಇಡೀ ಸಂಚಿಕೆಯಾಗಿಸಿದ ಬ್ಯಾರಿ ವಿಂಡ್ಸರ್-ಸ್ಮಿತ್, ಇವರೆಲ್ಲರ ಜೊತೆ ಕ್ಲೇರ್‌ಮಾಂಟ್ ಬೇರೆ ಬೇರೆ ಬರಹಗಾರರಾದರು. ಬರ್ನ್ ಹತ್ತಿರ ಜಗಳಕ್ಕೆ ಬಿದ್ದ ಅವರ ಮಾತು ವಿಂಡ್ಸರ್-ಸ್ಮಿತ್ ಪುಟಗಳಲ್ಲಿ ಎಷ್ಟು ಹೊತ್ತು ಸುಮ್ಮನಿರಬಲ್ಲದು ಎಂಬುದನ್ನು ಮರುಓದಿನಲ್ಲಿ ಗಮನಿಸಬೇಕು.

ಈಗ ಜೀನ್ ಗ್ರೇ ಸಾವಿಗೆ ಬರುತ್ತೇನೆ. ಎಲ್ಲ ವಾದಗಳ ತಾಯಿ ಇದೇ.

ಮೂಲ ಐವರಲ್ಲಿ ಒಬ್ಬಳೇ ಹುಡುಗಿಯಾಗಿದ್ದ ಜೀನ್, ಕ್ಲೇರ್‌ಮಾಂಟ್ ಕೈಯಲ್ಲಿ ಫೀನಿಕ್ಸ್ ಆದಳು. ಅಳತೆಗೆ ಸಿಗದ ಶಕ್ತಿ ಬಂತು. ಮಾಸ್ಟರ್‌ಮೈಂಡ್ ಎಂಬ ಕಪಟಿ ಅವಳ ಮನಸ್ಸಿನೊಳಗೆ ನುಸುಳಿ, ಇಲ್ಲದ ಹಿಂದಿನ ಜನ್ಮವನ್ನು ಕಟ್ಟಿಕೊಟ್ಟು, ಹೆಲ್‌ಫೈರ್ ಕ್ಲಬ್ಬಿನ ಕಪ್ಪು ರಾಣಿಯಾಗಿಸಲು ನೋಡಿದ. ಆ ಬಲೆ ಹರಿದಾಗ ಅವಳ ಕಟ್ಟೂ ಹರಿಯಿತು. 135ನೇ ಸಂಚಿಕೆಯಲ್ಲಿ ಡಾರ್ಕ್ ಫೀನಿಕ್ಸ್ ತನ್ನ ಹಸಿವಿಗಾಗಿ ಒಂದು ನಕ್ಷತ್ರವನ್ನೇ ನುಂಗಿದಳು. ಅದನ್ನು ಸುತ್ತುತ್ತಿದ್ದ ಗ್ರಹದಲ್ಲಿ 500 ಕೋಟಿ ಜೀವಗಳಿದ್ದವು. ಅವುಗಳಲ್ಲಿ ಕೆಲವರ ಮುಖಗಳನ್ನು ಬರ್ನ್ ಬರೆದೇ ತೋರಿಸಿದರು. ಆಕಾಶ ನೋಡುತ್ತಾ ನಿಂತ ಹಸಿರು ಜನ, ಮರುಚಿತ್ರದಲ್ಲಿ ಬೆಂಕಿ.

ಕ್ಲೇರ್‌ಮಾಂಟ್, ಬರ್ನ್ ಇಬ್ಬರೂ ಮೊದಲು ಹಾಕಿಕೊಂಡಿದ್ದ ಕೊನೆ ಬೇರೆಯೇ. ಅನ್ಯಲೋಕದ ಶಿಯಾರ್ ಸಾಮ್ರಾಜ್ಯದವರು ಜೀನ್‌ಳ ಶಕ್ತಿಯನ್ನು ಶಾಶ್ವತವಾಗಿ ಕಿತ್ತುಹಾಕುತ್ತಾರೆ. ಅವಳು ಸಾಮಾನ್ಯ ಹೆಣ್ಣಾಗಿ ಬದುಕುತ್ತಾಳೆ. ಪುಟಗಳು ತಯಾರಾಗಿದ್ದವು. ಪ್ರಧಾನ ಸಂಪಾದಕ ಜಿಮ್ ಶೂಟರ್ ತಡೆದರು. ಒಂದು ಗ್ರಹದ ಜನವನ್ನೆಲ್ಲ ಕೊಂದವಳು ಶಿಕ್ಷೆಯೇ ಇಲ್ಲದೆ ಮನೆಗೆ ಹೋಗುವುದು ಸಲ್ಲದು ಎಂಬುದು ಅವರ ನಿಲುವು. ಸೆರೆಯ ಮಾತು ಬಂತು. ಗೆಳೆಯರು ಅವಳನ್ನು ಬಿಡಿಸಲು ಹೋಗುತ್ತಲೇ ಇರುತ್ತಾರೆ, ಕಥೆ ಅಲ್ಲೇ ಸುತ್ತುತ್ತದೆ ಎಂಬ ಉತ್ತರ ಬಂತು. ಕೊನೆಗೆ ಸಾವೊಂದೇ ಉಳಿಯಿತು. 1980ರ ಸೆಪ್ಟೆಂಬರ್ ತಾರೀಖಿನ 137ನೇ ಸಂಚಿಕೆಯಲ್ಲಿ, ಚಂದ್ರನ ಮೇಲಿನ ಹಳೆಯ ಅವಶೇಷಗಳ ನಡುವೆ, ಜೀನ್ ತಾನೇ ಒಂದು ಪುರಾತನ ಆಯುಧಕ್ಕೆ ಎದುರಾಗಿ ಇಲ್ಲವಾದಳು. ಬದಲಾದದ್ದು ಕೊನೆಯ ಕೆಲವೇ ಪುಟಗಳು. 1984ರಲ್ಲಿ ಮಾರ್ವೆಲ್ಲೇ 'ಫೀನಿಕ್ಸ್: ದಿ ಅನ್‌ಟೋಲ್ಡ್ ಸ್ಟೋರಿ' ಎಂಬ ಹೆಸರಿನಲ್ಲಿ ಮೊದಲಿನ ಕೊನೆಯನ್ನೂ, ಅದರ ಬಗ್ಗೆ ಆದ ಚರ್ಚೆಯನ್ನೂ ಅಚ್ಚು ಹಾಕಿತು. ಎರಡು ಕೊನೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ತೂಗುವ ಅವಕಾಶ ಓದುಗರಿಗೆ ಹಾಗೆ ದೊರೆಯಿತು.

ತೂಗಿದವರು ಇಂದಿಗೂ ಒಂದು ಮಾತಿಗೆ ಬಂದಿಲ್ಲ. ಅವಳ ಮನಸ್ಸನ್ನು ಇನ್ನೊಬ್ಬ ಕೆಡಿಸಿದ್ದ, ಹಾಗಿರುವಾಗ ಹೊಣೆ ಯಾರದು ಎಂದು ಕೆಲವರು. ಕಥೆಯಲ್ಲಿ ಎಲ್ಲರಿಗಿಂತ ಶಕ್ತಳಾದ ಹೆಣ್ಣು ಶಕ್ತಿ ಕಳೆದುಕೊಳ್ಳಬೇಕು, ಇಲ್ಲ ಸಾಯಬೇಕು. ಎರಡು ಕೊನೆಗಳಲ್ಲೂ ನ್ಯಾಯ ಒಂದೇ ಅಲ್ಲವೇ ಎಂದು ಇನ್ನು ಕೆಲವರು. ಈ ಎರಡನೆಯ ಪ್ರಶ್ನೆ ನನ್ನನ್ನು ಬಹಳ ಕಾಡಿದೆ, ಅದಕ್ಕೆ ತೃಪ್ತಿಯಾಗುವ ಉತ್ತರ ನನ್ನಲ್ಲಿಲ್ಲ. ಆದರೂ ಅಚ್ಚಾದ ಕೊನೆಯೇ ಮೇಲು ಎಂದು ನನ್ನ ತೀರ್ಪು. ಮೊದಲಿನದರಲ್ಲಿ ಜೀನ್‌ಳ ಬಗ್ಗೆ ತೀರ್ಮಾನ ಮಾಡುವವರು ಬೇರೆಯವರು. ಎರಡನೆಯದರಲ್ಲಿ ತೀರ್ಮಾನ ಅವಳದೇ. ಮುಂದೆ ಮತ್ತೆ ಕಟ್ಟು ಹರಿಯಬಹುದೆಂದು ಅವಳಿಗೆ ಗೊತ್ತು. ಅವಳ ಪ್ರಿಯಕರ ಸೈಕ್ಲಾಪ್ಸ್ ಮಾತಿಗೆ ಬಾಯಿ ತೆರೆಯುವುದರೊಳಗೆ ಎಲ್ಲ ಮುಗಿದಿರುತ್ತದೆ.

ತಾಳಮದ್ದಳೆ ಕೇಳಿದವರಿಗೆ ಈ ಬಗೆಯ ವಾದ ಹೊಸದಲ್ಲ. ವಾಲಿ ಬೀಳುತ್ತಾನೆ ಎಂಬುದು ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತು. ಬಾಣ ತಾಗಿದ ಮೇಲೆ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಏನು ಹೇಳಿ ಉಳಿಯುತ್ತಾನೆ ಎಂಬುದಕ್ಕೆ ಜನ ರಾತ್ರಿಯಿಡೀ ಕೂರುತ್ತಾರೆ. ಅರ್ಥಧಾರಿ ಬದಲಾದರೆ ನ್ಯಾಯದ ತೂಕವೂ ಬದಲಾಗುತ್ತದೆ. ಎಕ್ಸ್-ಮೆನ್ ವಿಷಯದಲ್ಲಿ ಒಂದು ಹೆಚ್ಚಿನ ತೊಡಕಿದೆ: ಅಲ್ಲಿ ಪ್ರಸಂಗವನ್ನೇ ಆಮೇಲೆ ತಿದ್ದಿದರು.

1986ರಲ್ಲಿ ಮೂಲ ಐವರನ್ನು ಮತ್ತೆ ಒಂದುಗೂಡಿಸಿ 'ಎಕ್ಸ್-ಫ್ಯಾಕ್ಟರ್' ಎಂಬ ಹೊಸ ಪತ್ರಿಕೆ ತರಬೇಕೆಂದಾಯಿತು. ಅದಕ್ಕೆ ಜೀನ್ ಬದುಕಿರಬೇಕು. ಶೂಟರ್ ಹಾಕಿದ ಷರತ್ತು ಒಂದೇ: ಬರುವುದಾದರೆ ಅವಳು 500 ಕೋಟಿ ಸಾವುಗಳ ಹೊಣೆ ಹೊತ್ತು ಬರಬಾರದು. ಉಪಾಯ ಬಂದದ್ದು ಒಬ್ಬ ಓದುಗನಿಂದ. ಮುಂದೆ ತಾವೇ ಹೆಸರಾಂತ ಬರಹಗಾರರಾದ ಕರ್ಟ್ ಬ್ಯೂಸಿಕ್ ಅಭಿಮಾನಿಯಾಗಿದ್ದ ದಿನಗಳಲ್ಲೇ, ಫೀನಿಕ್ಸ್ ಆದದ್ದು ಜೀನ್ ಅಲ್ಲ, ಅವಳ ರೂಪ ತಾಳಿದ ಬೇರೊಂದು ಶಕ್ತಿ, ನಿಜವಾದ ಜೀನ್ ಎಲ್ಲೋ ನಿದ್ದೆಯಲ್ಲಿದ್ದಾಳೆ ಎಂದು ಲೆಕ್ಕ ಹಾಕಿದ್ದರು. ಆ ಲೆಕ್ಕ ಅವರಿಂದ ಬರಹಗಾರ ರೋಜರ್ ಸ್ಟರ್ನ್‌ಗೆ, ಅವರಿಂದ ಬರ್ನ್‌ಗೆ ಹೋಗಿ ಕಥೆಯಾಯಿತು. ನ್ಯೂಯಾರ್ಕಿನ ಜಮೈಕಾ ಬೇ ತಳದಲ್ಲಿ, ಒಂದು ಗೂಡಿನೊಳಗೆ ಜೀನ್ ಸಿಕ್ಕಳು.

ಅಪರಾಧವನ್ನು ಕ್ಷಮಿಸಲಾಗದು ಎಂದಾದಾಗ, ಅಪರಾಧಿಯೇ ಬೇರೆ ಎಂದುಬಿಟ್ಟರು. ಬ್ಯೂಸಿಕ್ ಅವರ ತರ್ಕ ಜಾಣತನದ್ದು, ಅದರಲ್ಲಿ ತಪ್ಪು ಹಿಡಿಯುವುದು ಕಷ್ಟ. ಆದರೆ ಅದರ ಬೆಲೆ ತೆತ್ತವಳು ಇನ್ನೊಬ್ಬಳು. ಸೈಕ್ಲಾಪ್ಸ್ ಆಗಲೇ ಜೀನ್‌ಳನ್ನೇ ಹೋಲುವ ಮ್ಯಾಡಲಿನ್ ಪ್ರಯರ್‌ಳನ್ನು ಮದುವೆಯಾಗಿದ್ದ, ಒಂದು ಮಗುವಿತ್ತು. ಕ್ಲೇರ್‌ಮಾಂಟ್ ಅವನನ್ನು ಸಂಸಾರಸ್ಥನಾಗಿಸಿ ಕಥೆಯಿಂದ ಗೌರವವಾಗಿ ಬೀಳ್ಕೊಡುವ ದಾರಿಯಲ್ಲಿದ್ದರು. ಎಕ್ಸ್-ಫ್ಯಾಕ್ಟರ್‌ನ ಮೊದಲ ಸಂಚಿಕೆಯಲ್ಲೇ ಅವನು ಹೆಂಡತಿ-ಮಗುವನ್ನು ಬಿಟ್ಟು ಎದ್ದುಹೋದ. ತಪ್ಪು ಮಾಡಿದ್ದು ಅವನು, ಆದರೆ ಅವನು ಬಿಟ್ಟುಹೋದ ಹೆಂಡತಿಯನ್ನೇ 1989ರ ಹೊತ್ತಿಗೆ ಮುಗಿದ 'ಇನ್‌ಫರ್ನೊ' ಕಥೆಯಲ್ಲಿ ರಾಕ್ಷಸಿಯಾಗಿಸಿ ಕೊಂದರು, ಅವಳು ಜೀನ್‌ಳ ಪ್ರತಿಕೃತಿ ಮಾತ್ರ ಎಂದರು. ಅಭಿಮಾನಿಗಳಲ್ಲಿ ಮ್ಯಾಡಲಿನ್ ಪರ ನಿಂತು ಮಾತಾಡುವವರ ದನಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿದೆ. ಅದು ಸರಿಯಾಗಿಯೇ ಇದೆ. ಜೀನ್‌ಳನ್ನು ನಿರಪರಾಧಿಯಾಗಿಸಲು ನಿಜಕ್ಕೂ ಏನೂ ಮಾಡದ ಒಬ್ಬಳನ್ನು ಅಪರಾಧಿಯಾಗಿಸಿದ ಕಥೆ ಅದು.

ಜೀನ್‌ಗೆ ಸಿಗದ ಕ್ಷಮೆ ರೋಗ್‌ಗೆ ಸಿಕ್ಕಿತು. ಇಲ್ಲಿ ಸ್ವಲ್ಪ ಹಿಂದಿನಿಂದ ಹೇಳಬೇಕು, ಏಕೆಂದರೆ ಮರುಓದು ಎಂಬುದು ಬರಹಗಾರರ ಕೆಲಸವೂ ಹೌದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1980ರಲ್ಲಿ 'ಅವೆಂಜರ್ಸ್' 200ನೇ ಸಂಚಿಕೆಯಲ್ಲಿ ಆ ತಂಡದ ಕ್ಯಾರಲ್ ಡ್ಯಾನ್ವರ್ಸ್‌ಳ ಮನಸ್ಸನ್ನು ಯಂತ್ರದಿಂದ ತಿರುಗಿಸಿ ಅವಳನ್ನು ಬಸಿರಾಗಿಸಿದವನ ಜೊತೆಗೇ, ಅದು ಪ್ರೇಮವೋ ಎಂಬಂತೆ, ಗೆಳೆಯರು ನಗುತ್ತಾ ಕಳಿಸಿಕೊಟ್ಟರು. ಇದು ಅತ್ಯಾಚಾರ ಎಂದು ಬಿಡಿಸಿ ಹೇಳಿದವಳು ಒಬ್ಬ ಅಭಿಮಾನಿ ಲೇಖಕಿ. ಹಿಂದೆ ಕ್ಯಾರಲ್‌ಳ ಕಥೆಗಳನ್ನು ಬರೆದಿದ್ದ ಕ್ಲೇರ್‌ಮಾಂಟ್ ಮರುವರ್ಷದ ಅವೆಂಜರ್ಸ್ ವಾರ್ಷಿಕ ಸಂಚಿಕೆಯಲ್ಲಿ ಅವಳನ್ನು ಮರಳಿ ತಂದು, ಆ ಗೆಳೆಯರ ಮುಖಕ್ಕೇ ನೇರವಾಗಿ ಪ್ರಶ್ನೆ ಹಾಕಿಸಿದರು. ಅದೇ ಸಂಚಿಕೆಯಲ್ಲಿ ಕ್ಯಾರಲ್‌ಳ ಶಕ್ತಿ, ನೆನಪು ಎರಡನ್ನೂ ಕಿತ್ತುಕೊಂಡ ಹುಡುಗಿ ರೋಗ್. ಎರಡು ವರ್ಷದ ಮೇಲೆ, 171ನೇ ಸಂಚಿಕೆಯಲ್ಲಿ, ಅದೇ ರೋಗ್ ಕ್ಸೇವಿಯರ್ ಬಾಗಿಲು ತಟ್ಟುತ್ತಾಳೆ: ತಲೆಯೊಳಗೆ ಎರಡು ಮನಸ್ಸು ತುಂಬಿಕೊಂಡಿವೆ, ಕಾಪಾಡಿ. ಕ್ಯಾರಲ್ ಒಂದೇ ಗುದ್ದಿಗೆ ಅವಳನ್ನು ಛಾವಣಿ ಹರಿದು ಆಕಾಶಕ್ಕೆ ಎಸೆಯುತ್ತಾಳೆ. ತಂಡದವರು ಇವಳು ಬೇಡ ಎನ್ನುತ್ತಾರೆ. ಕ್ಸೇವಿಯರ್ ಸೇರಿಸಿಕೊಳ್ಳುತ್ತಾರೆ. ಕ್ಯಾರಲ್‌ಗೆ ಆದ ಅನ್ಯಾಯವನ್ನು ಕ್ಲೇರ್‌ಮಾಂಟ್ ಸಣ್ಣದು ಮಾಡುವುದಿಲ್ಲ, ರೋಗ್‌ಳನ್ನು ಹೊರಗೆ ಅಟ್ಟುವುದೂ ಇಲ್ಲ. 173ರಲ್ಲಿ ವುಲ್ವರಿನ್‌ನ ಪ್ರೇಯಸಿ ಮರಿಕೊಗೆ ಬೀಳಬೇಕಾದ ಹೊಡೆತಕ್ಕೆ ರೋಗ್ ಮೈಕೊಡುತ್ತಾಳೆ. ಅಲ್ಲಿಯವರೆಗೆ ಅವಳ ಜೊತೆ ಮಾತೇ ಆಡದ ವುಲ್ವರಿನ್, ಗಾಯ ಮಾಯಿಸುವ ತನ್ನ ಶಕ್ತಿಯನ್ನು ಅವಳಿಗೆ ಕೊಟ್ಟು ಉಳಿಸುತ್ತಾನೆ. ಅದೊಂದು ಪುಟ ಕ್ಲೇರ್‌ಮಾಂಟ್ ಬರೆದ ಉದ್ದುದ್ದ ಮಾತುಗಳಿಗಿಂತ ಹೆಚ್ಚು ಹೇಳುತ್ತದೆ.

ಎಕ್ಸ್-ಮೆನ್‌ನ ಹಳೆಯ ವೈರಿ ಮ್ಯಾಗ್ನೆಟೊ ವಿಷಯದಲ್ಲಿ ತಕ್ಕಡಿ ಇನ್ನೂ ಏರುಪೇರು. ಎಕ್ಸ್-ಮೆನ್ ಎಂದರೆ ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟದ ರೂಪಕ, ಕ್ಸೇವಿಯರ್ ಎಂದರೆ ಮಾರ್ಟಿನ್ ಲೂಥರ್ ಕಿಂಗ್, ಮ್ಯಾಗ್ನೆಟೊ ಎಂದರೆ ಮ್ಯಾಲ್ಕಮ್ ಎಕ್ಸ್ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಆರಂಭದ ಸಂಚಿಕೆಗಳನ್ನು ಕೈಗೆ ತೆಗೆದುಕೊಂಡು ಓದಿದರೆ ಈ ಹೋಲಿಕೆ ನಿಲ್ಲುವುದಿಲ್ಲ. ಆ ಮ್ಯಾಗ್ನೆಟೊ ಕ್ಷಿಪಣಿ ನೆಲೆ ವಶಪಡಿಸಿಕೊಳ್ಳುವ ಸಾದಾ ಖಳನಾಯಕ. 4ನೇ ಸಂಚಿಕೆಯಲ್ಲಿ ಅವನ ಗುಂಪಿನ ಹೆಸರಲ್ಲೇ ತಾವು ದುಷ್ಟರು ಎಂಬ ಘೋಷಣೆಯಿದೆ. ಹಕ್ಕಿಗಾಗಿ ಹೋರಾಡುವ ಯಾರೂ ತಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ. ರೂಪಕದ ಬೀಜ 14ನೇ ಸಂಚಿಕೆಯಲ್ಲಿ, ಮ್ಯೂಟೆಂಟ್‌ಗಳನ್ನು ಬೇಟೆಯಾಡುವ ಸೆಂಟಿನಲ್ ಯಂತ್ರಗಳು ಬಂದಾಗ ಬಿತ್ತು ಎನ್ನಬಹುದು. ಮ್ಯಾಗ್ನೆಟೊಗೆ ಒಂದು ಗತಕಾಲ ಕೊಟ್ಟು ಅದನ್ನು ಬೆಳೆಸಿದವರು ಕ್ಲೇರ್‌ಮಾಂಟ್. ಯುವಕರಾಗಿದ್ದಾಗ ಇಸ್ರೇಲಿನ ಕಿಬ್ಬುತ್ಸ್ ಒಂದರಲ್ಲಿ ದುಡಿದಿದ್ದ ಅವರು, ಮ್ಯಾಗ್ನೆಟೊನ ಬೆಳವಣಿಗೆಗೆ ತಮ್ಮ ಕಣ್ಣೆದುರು ಇದ್ದ ಮಾದರಿ ಮೆನಾಹೆಮ್ ಬೆಗಿನ್ ಎಂದಿದ್ದಾರೆ. ಬ್ರಿಟಿಷರ ಪಾಲಿಗೆ ಭಯೋತ್ಪಾದಕನಾಗಿದ್ದು 1978ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡ ಪ್ರಧಾನಿ ಅವರು.

1981ರ 150ನೇ ಸಂಚಿಕೆ ಇದರ ಕೀಲಿ. ಮ್ಯಾಗ್ನೆಟೊ ಒಂದು ಸೋವಿಯತ್ ಜಲಾಂತರ್ಗಾಮಿಯನ್ನು ಅದರೊಳಗಿನ ಎಲ್ಲರ ಸಮೇತ ಮುಳುಗಿಸುತ್ತಾನೆ. ತಂಡದ ಅತಿ ಕಿರಿಯಳು, ಗೋಡೆಗಳೊಳಗಿಂದ ಹಾದುಹೋಗಬಲ್ಲ ಯಹೂದಿ ಹುಡುಗಿ ಕಿಟ್ಟಿ ಪ್ರೈಡ್, ಅವನ ಯಂತ್ರ ಹಾಳುಮಾಡಲು ನುಗ್ಗುತ್ತಾಳೆ. ಅವನು ಹೊಡೆದ ಮಿಂಚಿಗೆ ನೆಲಕ್ಕೆ ಬೀಳುತ್ತಾಳೆ. ಸತ್ತಳೆಂದುಕೊಂಡು ಎತ್ತಿಕೊಂಡಾಗ, ಇವಳಿನ್ನೂ ಮಗು ಎಂಬುದು ಅವನಿಗೆ ಕಾಣುತ್ತದೆ. ಆಶ್‌ವಿಟ್ಸ್‌ನಲ್ಲಿ ತನ್ನವರನ್ನು ಕಳೆದುಕೊಂಡ ಹುಡುಗ ಅವನು ಎಂಬುದು ಓದುಗರಿಗೆ ಮೊದಲು ತಿಳಿಯುವುದು ಅಲ್ಲೇ. ಅವನ ಕೈ ನಿಲ್ಲುತ್ತದೆ. 1985ರ 200ನೇ ಸಂಚಿಕೆಯಲ್ಲಿ ಅವನು ಪ್ಯಾರಿಸ್ಸಿನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ತಾನಾಗಿ ನಿಲ್ಲುತ್ತಾನೆ. ಹಳೆಯ ಕಥೆಯೊಂದರಲ್ಲಿ ಅವನು ಶಿಶುವಾಗಿ ಮಾರ್ಪಟ್ಟು ಮತ್ತೆ ಬೆಳೆದಿದ್ದ. ಆ ಮರುಹುಟ್ಟಿಗೆ ಮೊದಲಿನ ಪಾಪಗಳು ಲೆಕ್ಕಕ್ಕಿಲ್ಲ ಎಂಬ ವಾದ ಅಲ್ಲಿ ನಡೆಯುತ್ತದೆ. ತೀರ್ಪು ಬರುವ ಮೊದಲೇ ಎಲ್ಲ ಚೆಲ್ಲಾಪಿಲ್ಲಿಯಾಗುತ್ತದೆ. ಸಾಯುವ ಸ್ಥಿತಿಯಲ್ಲಿರುವ ಕ್ಸೇವಿಯರ್ ತಮ್ಮ ಶಾಲೆಯನ್ನು ಅವನ ಕೈಗೆ ಒಪ್ಪಿಸುತ್ತಾರೆ.

ಜೀನ್ ಸತ್ತಾಗಲೂ, ಮ್ಯಾಗ್ನೆಟೊ ಮೇಷ್ಟ್ರಾದಾಗಲೂ ಪ್ರಧಾನ ಸಂಪಾದಕ ಶೂಟರ್ ಅವರೇ, ಬರಹಗಾರ ಕ್ಲೇರ್‌ಮಾಂಟ್ ಅವರೇ. ಇವಳಿಗೆ ಸಾವು, ಇವನಿಗೆ ಶಾಲೆ. ಸಂಖ್ಯೆಯ ಕಾರಣವೇ? ಗಂಡು-ಹೆಣ್ಣಿನ ಕಾರಣವೇ? ಸತ್ತವರ ಮುಖ ತೋರಿಸಿದ್ದು, ತೋರಿಸದಿದ್ದುದು ಕಾರಣವೇ? ಕೊನೆಯದರ ಕಡೆಗೇ ನನ್ನ ಒಲವು. ಬರ್ನ್ ಆ ಹಸಿರು ಜನರ ಮುಖ ಬರೆಯದೆ, ನಕ್ಷತ್ರವೊಂದೇ ಆರಿದ್ದರೆ ಜೀನ್ ಉಳಿಯುತ್ತಿದ್ದಳೇನೋ. ಜಲಾಂತರ್ಗಾಮಿಯೊಳಗಿನವರ ಮನೆಯವರು ಯಾರೆಂದು ಕಥೆ ನಮಗೆ ತೋರಿಸಲೇ ಇಲ್ಲ.

ಮ್ಯಾಗ್ನೆಟೊನ ಮೂಲವೂ ಅಲುಗಾಡಿದೆ. 1990ರ ದಶಕದಲ್ಲಿ ಅವನನ್ನು ಸಿಂತಿ ಜಿಪ್ಸಿ ಎಂದರು. 2008ರಲ್ಲಿ ಶುರುವಾದ ಗ್ರೆಗ್ ಪಾಕ್ ಅವರ 'ಮ್ಯಾಗ್ನೆಟೊ: ಟೆಸ್ಟಮೆಂಟ್' ಅವನು ಜರ್ಮನ್ ಯಹೂದಿ ಎಂದು ಖಚಿತಪಡಿಸಿತು. ರೂಪಕದ ಮೇಲಿನ ಗಂಭೀರ ಆಕ್ಷೇಪ ಬೇರೆ ಇದೆ. ನಿಜ ಲೋಕದ ಅಲ್ಪಸಂಖ್ಯಾತರನ್ನು ಕಂಡು ಹೆದರಲು ಯಾವ ಆಧಾರವೂ ಇಲ್ಲ. ಕಣ್ಣು ಬಿಟ್ಟರೆ ಗೋಡೆ ಒಡೆಯುವ ಹುಡುಗನನ್ನು ಕಂಡು ಹೆದರುವುದಕ್ಕೆ ಆಧಾರವಿದೆ. ಹಾಗಾದರೆ ಈ ರೂಪಕ ಪೂರ್ವಗ್ರಹಕ್ಕೇ ನ್ಯಾಯ ಒದಗಿಸುವುದಿಲ್ಲವೇ? ಇದು ಬಲವಾದ ಆಕ್ಷೇಪ. 1982ರ 'ಗಾಡ್ ಲವ್ಸ್, ಮ್ಯಾನ್ ಕಿಲ್ಸ್' ಮಾತ್ರ ಇದನ್ನು ದಾಟಿ ನಿಲ್ಲುತ್ತದೆ. ಅದರ ಮೊದಲ ಪುಟಗಳಲ್ಲೇ ಇಬ್ಬರು ಕಪ್ಪು ಮಕ್ಕಳನ್ನು ಕೊಂದು ಶಾಲೆಯ ಆಟದ ಬಯಲಿನಲ್ಲಿ ತೂಗುಹಾಕುತ್ತಾರೆ. ಆ ಮಕ್ಕಳು ಯಾವ ಗೋಡೆಯನ್ನೂ ಒಡೆದವರಲ್ಲ. ಬೆಳಗಾಗುವ ಮುನ್ನ ಬಂದು ಆ ಹೆಣಗಳನ್ನು ಕೆಳಗಿಳಿಸುವವನು ಮ್ಯಾಗ್ನೆಟೊ. ಅದೇ ಪುಸ್ತಕದಲ್ಲಿ ಕಿಟ್ಟಿ, ತನ್ನ ವಾದ ಸ್ಥಾಪಿಸಲು, ಕಪ್ಪು ಜನರನ್ನು ಹೀಯಾಳಿಸುವ ಬೈಗುಳವನ್ನು ಕಪ್ಪು ಶಿಕ್ಷಕಿಯೊಬ್ಬಳ ಮುಂದೆಯೇ ಆಡುತ್ತಾಳೆ. ಆ ಸಾಲು ಇಂದಿನ ಓದುಗರ ಗಂಟಲಲ್ಲಿ ಇಳಿಯುವುದಿಲ್ಲ. ಇಳಿಯಬಾರದು ಕೂಡ. ರೂಪಕ ತನಗೆ ಸ್ಫೂರ್ತಿ ಕೊಟ್ಟವರ ನೋವನ್ನೇ ಬದಿಗೆ ಸರಿಸಿದ ಗಳಿಗೆ ಅದು.

ಇಂಥ ಎಡವುಗಳು ಇನ್ನೂ ಇವೆ. ಹದಿನಾಲ್ಕರ ಕಿಟ್ಟಿ ಮತ್ತು ಹತ್ತೊಂಬತ್ತರ ಕೊಲಾಸಸ್ ನಡುವಿನ ಪ್ರೇಮ ಅಂದಿನ ಓದುಗರಿಗೆ ಮುದ್ದಾಗಿ ಕಂಡಿತ್ತು, ಇಂದಿನವರಿಗೆ ಇರಿಸುಮುರಿಸು. 1989ರಲ್ಲಿ ಸೈಲಾಕ್ ಎಂಬ ಇಂಗ್ಲಿಷ್ ಹೆಣ್ಣಿನ ಮನಸ್ಸು ಜಪಾನಿ ಹೆಣ್ಣಿನ ಮೈಯೊಳಗೆ ಸೇರಿತು. ಆ ಮೈಯ ನಿಜವಾದ ಒಡತಿಗೆ ಅದು ಮರಳಿ ಸಿಗಲು 2018ರವರೆಗೆ ಕಾಯಬೇಕಾಯಿತು. ಇನ್ನೊಂದೆಡೆ, ಬರೆಯಲು ಬಿಡದೆ ಇದ್ದದ್ದನ್ನು ಓದುಗರು ಸಾಲುಗಳ ನಡುವೆ ಓದಿಕೊಂಡರು. ಮಿಸ್ಟಿಕ್ ಮತ್ತು ಡೆಸ್ಟಿನಿ ಎಂಬ ಇಬ್ಬರು ಹೆಂಗಸರನ್ನು ಸಂಗಾತಿಗಳಾಗಿಯೇ ಕ್ಲೇರ್‌ಮಾಂಟ್ ಕಲ್ಪಿಸಿದ್ದರು, ನೈಟ್‌ಕ್ರಾಲರ್ ಅವರಿಬ್ಬರ ಮಗನಾಗಬೇಕೆಂದೂ ಬಯಸಿದ್ದರು. ಆ ಕಾಲದ ಕಾಮಿಕ್ಸ್‌ನಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. 2023ರಲ್ಲಿ ಮಾರ್ವೆಲ್ ಅದನ್ನೇ ಅಧಿಕೃತ ಕಥೆಯಾಗಿ ಪ್ರಕಟಿಸಿತು. ಜೀವನದುದ್ದಕ್ಕೂ ಹಾಗೆ ಓದಿಕೊಂಡು ಬಂದವರಿಗೆ ಆ ಸಂಚಿಕೆ ಕೊಟ್ಟ ಸಂತೋಷ ದೊಡ್ಡದು.

ನಾವು ಓದುವ ಪಠ್ಯ ಯಾವುದು ಎಂಬುದೂ ಪ್ರಶ್ನೆಯೇ. 1986ರಲ್ಲಿ 'ಕ್ಲಾಸಿಕ್ ಎಕ್ಸ್-ಮೆನ್' ಮರುಮುದ್ರಣ ಶುರುವಾದಾಗ ಹಳೆಯ ಸಂಚಿಕೆಗಳ ನಡುವೆ ಹೊಸ ಪುಟಗಳನ್ನು ಸೇರಿಸಿದರು, ಕೆಲವನ್ನು ಬಿಟ್ಟರು, ಕೊನೆಯಲ್ಲಿ ಜಾನ್ ಬೋಲ್ಟನ್ ಬಿಡಿಸಿದ ಪುಟ್ಟ ಕಥೆಗಳನ್ನು ಜೋಡಿಸಿದರು. ಎಂಬತ್ತರ ದಶಕದ ಕ್ಲೇರ್‌ಮಾಂಟ್ ಎಪ್ಪತ್ತರ ದಶಕದ ಕ್ಲೇರ್‌ಮಾಂಟ್‌ರನ್ನು ತಿದ್ದಿದಂತಾಯಿತು. ಹೀಗಾಗಿ ಒಂದೇ ಕಥೆಯನ್ನು ಮೂಲದಲ್ಲಿ ಓದಿದವರಿಗೂ ಮರುಮುದ್ರಣದಲ್ಲಿ ಓದಿದವರಿಗೂ ನೆನಪಿನಲ್ಲಿ ಉಳಿದದ್ದು ಬೇರೆ ಬೇರೆ. ನನ್ನ ಮೊದಲ ಓದು ಇನ್ನೂ ಅಸ್ತವ್ಯಸ್ತ. ಬೆಂಗಳೂರಿನ ಬಾಡಿಗೆ ಪುಸ್ತಕದ ಅಂಗಡಿಯೊಂದರಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಕೈಗೆ, ಸಿಗದಿದ್ದುದು ಊಹೆಗೆ. 175ರ ಸೈಕ್ಲಾಪ್ಸ್-ಮ್ಯಾಡಲಿನ್ ಮದುವೆಯನ್ನು ನಾನು 137ರ ಸಾವಿಗಿಂತ ಮೊದಲು ಓದಿದೆ. ಮದುಮಗಳ ಮುಖ ನೋಡಿ ಆ ಪುಟದಲ್ಲಿ ಅಷ್ಟೊಂದು ದಿಗಿಲು ಏಕಿದೆ ಎಂದು ತಿಳಿಯಲು ವರ್ಷಗಳು ಬೇಕಾದವು.

ಈಗ ಎಲ್ಲವೂ ದಪ್ಪ ಸಂಪುಟಗಳಲ್ಲಿ, ತೆರೆಯ ಮೇಲೆ ಸಾಲಾಗಿ ಸಿಗುತ್ತದೆ. ಅದರಿಂದ ಒಂದು ಹೊಸ ದೂರು ಹುಟ್ಟಿದೆ: ಕ್ಲೇರ್‌ಮಾಂಟ್ ಹೇಳಿದ್ದನ್ನೇ ಹೇಳುತ್ತಾರೆ. ವುಲ್ವರಿನ್‌ನ ಉಗುರು ಎಂಥ ಲೋಹದ್ದು, ಸ್ಟಾರ್ಮ್‌ಗೆ ಇಕ್ಕಟ್ಟಾದ ಜಾಗ ಕಂಡರೆ ಏಕೆ ಭಯ ಎಂಬುದನ್ನು ಪ್ರತಿ ಸಂಚಿಕೆಯಲ್ಲೂ ಮತ್ತೆ ಕೇಳಬೇಕು. ದೂರು ನಿಜ, ಆದರೆ ಅನ್ಯಾಯದ್ದು. ಪ್ರತಿ ಸಂಚಿಕೆಯೂ ಯಾರೋ ಒಬ್ಬರಿಗೆ ಮೊದಲನೆಯದಾಗಿರುತ್ತದೆ ಎಂದು ನಂಬಿ ಬರೆಯುತ್ತಿದ್ದ ಕಾಲ ಅದು. ಅಂಗಡಿಯ ಪೆಟ್ಟಿಗೆಯಿಂದ ಎತ್ತಿಕೊಂಡ ನನ್ನಂಥವರಿಗೆ ಆ ಪುನರಾವರ್ತನೆಯೇ ಕೈಹಿಡಿದು ಒಳಗೆ ಕರೆದದ್ದು.

ಓದು ವಿದ್ವತ್ತಿನ ಅಂಗಳಕ್ಕೂ ಬಂದಿದೆ. ಕ್ಲೇರ್‌ಮಾಂಟ್ ಅವರ ಕಾಗದಪತ್ರಗಳು 2011ರಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ರಮ್ಜಿ ಫವಾಜ್ 2016ರಲ್ಲಿ, ಜೆ. ಆಂಡ್ರ್ಯೂ ಡೆಮನ್ 2023ರಲ್ಲಿ ಪ್ರಕಟಿಸಿದ ಪುಸ್ತಕಗಳು ಇದನ್ನು ಸಾಹಿತ್ಯವಾಗಿಯೇ ಓದುತ್ತವೆ. 2019ರಲ್ಲಿ ಜೊನಾಥನ್ ಹಿಕ್‌ಮನ್ ಬರೆದ ಹೊಸ ಕಥೆ ಮೊಯ್ರಾ ಮ್ಯಾಕ್‌ಟಗರ್ಟ್ ಎಂಬ ಹಳೆಯ ವಿಜ್ಞಾನಿಯೂ ಮ್ಯೂಟೆಂಟ್, ಸತ್ತರೆ ಎಲ್ಲ ನೆನಪಿನೊಂದಿಗೆ ಮತ್ತೆ ಹುಟ್ಟುವವಳು ಎಂದು ಹೇಳಿ, ಅವಳಿದ್ದ ಹಳೆಯ ಪುಟಗಳಿಗೆಲ್ಲ ಓದುಗರನ್ನು ವಾಪಸ್ ಓಡಿಸಿತು. 2024ರ 'ಎಕ್ಸ್-ಮೆನ್ 97' ಧಾರಾವಾಹಿ ಮ್ಯಾಗ್ನೆಟೊನ ಶಾಲೆ, ಅವನ ವಿಚಾರಣೆ, ಸ್ಟಾರ್ಮ್ ಶಕ್ತಿ ಕಳೆದುಕೊಳ್ಳುವುದು ಎಲ್ಲವನ್ನೂ ಹೊಸ ತಲೆಮಾರಿನ ಮುಂದಿಟ್ಟಿತು.

ಆದರೆ ನನ್ನ ಪಾಲಿಗೆ ಪ್ರಶ್ನೆ ಕೊನೆಗೊಳ್ಳುವುದು 1991ರಲ್ಲಿ. ಜಿಮ್ ಲೀ ಚಿತ್ರಗಳೊಡನೆ ಹೊಸದಾಗಿ ಶುರುವಾದ 'ಎಕ್ಸ್-ಮೆನ್' ಪತ್ರಿಕೆಯ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. ಸಂಪಾದಕರೊಂದಿಗೆ ಕೆಟ್ಟು ಹೊರಡಲು ಸಿದ್ಧರಾಗಿದ್ದ ಕ್ಲೇರ್‌ಮಾಂಟ್ ಬರೆದದ್ದು ಮೂರು ಸಂಚಿಕೆ ಮಾತ್ರ. ಮ್ಯಾಗ್ನೆಟೊನನ್ನು ಮತ್ತೆ ಖಳನಾಗಿಸಬೇಕೆಂಬುದು ಮೇಲಿನವರ ಅಪೇಕ್ಷೆ. ಅವನು ಶಿಶುವಾಗಿದ್ದಾಗ ಮೊಯ್ರಾ ಅವನ ಮನಸ್ಸನ್ನು ತಿದ್ದಿದ್ದಳು ಎಂಬುದು ಆ ಕಥೆಯಲ್ಲಿ ಬಯಲಾಗುತ್ತದೆ. ಅಂದರೆ 150ರಿಂದ 200ರವರೆಗೆ ನಾವು ನಂಬಿದ ಪಶ್ಚಾತ್ತಾಪವೆಲ್ಲ ಇನ್ನೊಬ್ಬಳು ಬರೆದಿಟ್ಟದ್ದೇ? ಜೀನ್‌ಳ ಅಪರಾಧವನ್ನು ಕಿತ್ತುಕೊಂಡ ಹಾಗೆ ಇವನ ಒಳ್ಳೆಯತನವನ್ನೂ ಕಿತ್ತುಕೊಳ್ಳುವ ಹುನ್ನಾರ ಇದು ಎಂದು ಓದುವಾಗ ಎದೆ ಕುಸಿಯುತ್ತದೆ. ಮೂರನೇ ಸಂಚಿಕೆಯಲ್ಲಿ, ಜಗಳದ ಗದ್ದಲದ ನಡುವೆ, ಕ್ಲೇರ್‌ಮಾಂಟ್ ಒಂದು ಮಾತು ಸೇರಿಸುತ್ತಾರೆ. ಮ್ಯೂಟೆಂಟ್ ತನ್ನ ಶಕ್ತಿಯನ್ನು ಬಳಸಿದ ಕೂಡಲೇ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಮ್ಯಾಗ್ನೆಟೊ ತನ್ನ ಶಕ್ತಿಯನ್ನು ಬಳಸದ ದಿನವಿರಲಿಲ್ಲ. ಕಿಟ್ಟಿಯನ್ನು ಎತ್ತಿಕೊಂಡು ನಿಂತಾಗ ಅವನ ಕೈ ತಡೆದದ್ದು ಅವನೇ.

ಬಿದ್ದುಹೋಗುತ್ತಿರುವ ಅವನ ಬಾಹ್ಯಾಕಾಶ ನೆಲೆಯಿಂದ ಎಕ್ಸ್-ಮೆನ್ ಹೊರಬೀಳುತ್ತಾರೆ. ಮ್ಯಾಗ್ನೆಟೊ ಒಳಗೇ ಉಳಿಯುತ್ತಾನೆ.